ಮನೆಯ ಮುಂದಣ ಮರದ ಹೆಸರೇನು?

ಸಂಸಾರವಂದಿಗರು ತಮ್ಮ ಮನೆಯೊಳಗಣ ಪದಾರ್ಥಗಳನ್ನೆಲ್ಲ ಹೆಸರು ಹಿಡಿದು ಬಲ್ಲರು. ಅಟ್ಟದ ಮೇಲಿನ ತಪ್ಪಲೆಗೂ ಒಂದು ಹೆಸರುಂಟು, ಒಗ್ಗರಣೆಯ ಸೌಟಿಗೂ ಒಂದು ಹೆಸರುಂಟು. ಹೆಸರುಬೇಳೆ ಯಾವುದು, ಉದ್ದಿನಬೇಳೆ ಯಾವುದು ಎಂಬುದನ್ನು ಕತ್ತಲೆಯಲ್ಲಿ ಕೈಯಾಡಿಸಿಯೇ ಹೇಳಬಲ್ಲ ಗೃಹಿಣಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಇಂಥ ಮನೆಯವರನ್ನೇ ಹೊಸ್ತಿಲಿನಾಚೆಗೆ ಕರೆತಂದು, “ನಿಮ್ಮ ಬಾಗಿಲಿಗೆ ಇಷ್ಟು ವರ್ಷಗಳಿಂದ ನೆರಳು ಕೊಡುತ್ತಿರುವ ಈ ಮರ ಯಾವುದು?” ಎಂದು ಕೇಳಿದರೆ, “ಯಾವುದೋ ನೆರಳಿನ ಮರ” ಎಂಬ ಉತ್ತರವೇ ಹೆಚ್ಚಾಗಿ ಬರುವುದು. ದಿನವೂ ಅದರ ಎಲೆಗಳನ್ನು ಗುಡಿಸುತ್ತೇವೆ. ಅದರ ಕೆಳಗೆ ವಾಹನವನ್ನು ನಿಲ್ಲಿಸುತ್ತೇವೆ. ಅದರ ಹೆಸರನ್ನು ಮಾತ್ರ ಕೇಳಿಕೊಂಡಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುವುದು. ಜಯನಗರ, ಬನಶಂಕರಿ, ಜಯಪ್ರಕಾಶನಗರ, ಬಿ.ಟಿ.ಎಂ. ಬಡಾವಣೆಗಳ ಬೀದಿಗಳಲ್ಲಿ ದೇಶದೇಶಾಂತರಗಳ ಮರಗಳು ಒಟ್ಟಿಗೆ ಬೆಳೆದು ನಿಂತಿವೆ. ಇವುಗಳ ಪರಿಚಯಕ್ಕೆ ಪ್ರಯೋಗಶಾಲೆ ಬೇಡ, ದುಬಾರಿ ಉಪಕರಣ ಬೇಡ. ಬಿದ್ದ ಎಲೆಯನ್ನು ಎತ್ತಿಕೊಳ್ಳುವ ಕೈ, ಅದನ್ನು ನಿಧಾನವಾಗಿ ನೋಡುವ ಕಣ್ಣು, ಹಳೆಯ ವರ್ತಮಾನಪತ್ರಿಕೆಗಳ ಒಂದು ಕಟ್ಟು, ಒಂದು ನೋಟುಪುಸ್ತಕ, ಇಷ್ಟಿದ್ದರೆ ಸಾಕು. ಮನೆಯ ಮಕ್ಕಳನ್ನೂ ಹಿರಿಯರನ್ನೂ ಒಂದೇ ಕೆಲಸದಲ್ಲಿ ತೊಡಗಿಸುವ ಇಂಥ ವಿದ್ಯೆಯ ಕ್ರಮವನ್ನು ಈ ತಿಂಗಳು ವಿವರಿಸುವುದು ನಮ್ಮ ಉದ್ದೇಶ.

ಮೊದಲು ತಿಳಿಯತಕ್ಕದ್ದು, ಎಲೆಯೆಂದರೆ ಯಾವುದೆಂಬುದು. ಇದೇನು ಪ್ರಶ್ನೆ ಎಂದು ವಾಚಕರು ನಗಬಹುದು. ಆದರೆ ಹೊಸಬರು ಎಡವುವುದು ಇಲ್ಲಿಯೇ. ಇದರ ಪಾಠವನ್ನು ಅಡಿಗೆಯ ಮನೆಯಲ್ಲಿಯೇ ಆರಂಭಿಸಬಹುದು. ಮಾರುಕಟ್ಟೆಯಿಂದ ತಂದ ಕರಿಬೇವನ್ನು ತೆಗೆದುಕೊಳ್ಳಿ. ಒಗ್ಗರಣೆಗೆ ನಾವು ಉದುರಿಸಿ ಹಾಕುವ ಒಂದೊಂದು ಚೂರೂ ಒಂದೊಂದು ಎಲೆಯೆಂದು ಭಾವಿಸುವುದು ವಾಡಿಕೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಅದು ಎಲೆಯಲ್ಲ, ಎಲೆಯ ಒಂದು ಭಾಗ. ನಾವು ಕಡ್ಡಿಯೆಂದು ಎಸೆಯುವ ನಡುದಂಟೂ ಅದರ ಎರಡು ಪಕ್ಕದ ಚೂರುಗಳೂ ಸೇರಿ ಒಂದು ಎಲೆ. ಹೀಗೆ ಹಲವು ಕಿರುಎಲೆಗಳು ಕೂಡಿದ ಎಲೆಗೆ ಸಂಯುಕ್ತಪತ್ರವೆಂದು ಹೆಸರು. ಮಾವಿನ ಎಲೆಯಂತೆ ಒಂದೇ ಅಖಂಡ ಹಾಳೆಯಾಗಿರುವುದು ಸರಳಪತ್ರ.

ಇವೆರಡನ್ನು ಬೇರ್ಪಡಿಸುವ ಉಪಾಯವು ಬಲು ಸುಲಭ. ಎಲೆಯ ತೊಟ್ಟು ರೆಂಬೆಯನ್ನು ಸೇರುವ ಕಂಕುಳಲ್ಲಿ ಸಣ್ಣದೊಂದು ಮೊಗ್ಗು ಇರುವುದು. ಮುಂದೆ ಹೊಸ ಚಿಗುರಾಗಲಿ ಹೂವಾಗಲಿ ಹೊರಡುವುದು ಅಲ್ಲಿಂದಲೇ. ಕಿರುಎಲೆಯ ಬುಡದಲ್ಲಿ ಈ ಮೊಗ್ಗು ಇರುವುದಿಲ್ಲ. ಆದಕಾರಣ ಸಂದೇಹ ಬಂದಾಗಲೆಲ್ಲ ಮೊಗ್ಗನ್ನು ಹುಡುಕಬೇಕು. ಅದು ಸಿಕ್ಕಿದ ಸ್ಥಳದಿಂದಾಚೆಗೆ ಇರುವುದೆಲ್ಲ ಸೇರಿ ಒಂದು ಎಲೆ. ಈ ಒಂದು ಸಂಗತಿಯು ಮನಸ್ಸಿನಲ್ಲಿ ನೆಲೆನಿಂತರೆ ಮರಗಳ ಗುರುತಿನ ವಿದ್ಯೆಯಲ್ಲಿ ಅರ್ಧ ದಾರಿಯನ್ನು ಕ್ರಮಿಸಿದಂತೆಯೇ ಸರಿ.

ಕರಿಬೇವಿನ ಎಲೆಯನ್ನು ಹಾಗೆಯೇ ಬೆಳಕಿಗೆ ಹಿಡಿದು ನೋಡಿ. ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳು ಪಾರದರ್ಶಕವಾಗಿ ಹೊಳೆಯುವುವು. ಇವು ಸುಗಂಧ ತೈಲದ ಗೂಡುಗಳು. ನಿಂಬೆಯ ಎಲೆಯಲ್ಲಿಯೂ ಶಿವನಿಗೆ ಏರಿಸುವ ಬಿಲ್ವಪತ್ರೆಯಲ್ಲಿಯೂ ಇದೇ ಚುಕ್ಕೆಗಳು ಕಾಣುವುವು, ಏಕೆಂದರೆ ಈ ಮೂರೂ ಒಂದೇ ಕುಟುಂಬದ ಸಸ್ಯಗಳು. ಹೆಸರಿನಲ್ಲಿ ಬೇವಿದ್ದರೂ ಕರಿಬೇವು ಬೇವಿನ ನಂಟನಲ್ಲ, ನಿಂಬೆಯ ನಂಟ. ಇತ್ತ ಬೇವೂ ಹೆಬ್ಬೇವೂ ಮಾತ್ರ ನಿಜವಾದ ದಾಯಾದಿಗಳು. ದೂರದ ಅಮೆರಿಕ ಖಂಡದಿಂದ ಬಂದ ಮಹಾಗನಿಯೂ ಆ ಮನೆತನಕ್ಕೇ ಸೇರಿದುದು. ಹೆಸರು ಮುಚ್ಚಿಟ್ಟ ನೆಂಟಸ್ತಿಕೆಯನ್ನು ಎಲೆಯು ಹೀಗೆ ಬಯಲುಮಾಡುವುದು.

ಅಡಿಗೆಯ ಮನೆಯಿಂದ ಹೊರಕ್ಕೆ ಬಂದರೆ ಎರಡನೆಯ ಪಾಠಶಾಲೆಯು ಅಶ್ವತ್ಥಕಟ್ಟೆ. ನಮ್ಮ ಹಿರಿಯರು ಅರಳಿಯನ್ನೂ ಬೇವನ್ನೂ ಜೊತೆಯಾಗಿ ನೆಟ್ಟು, ಮದುವೆಯನ್ನೂ ಮಾಡಿಸಿ, ಬುಡದಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠಿಸುತ್ತಿದ್ದರು. ಈ ಬಡಾವಣೆಗಳ ನಡುವೆ ಉಳಿದಿರುವ ಹಳೆಯ ಗ್ರಾಮಗಳ ಭಾಗಗಳಲ್ಲಿ ಇಂಥ ಕಟ್ಟೆಗಳನ್ನು ಈಗಲೂ ಕಾಣಬಹುದು. ಪ್ರದಕ್ಷಿಣೆಗೆಂದು ಹೋದವರು ಕೆಳಗೆ ಬಿದ್ದ ಎರಡು ಬಗೆಯ ಎಲೆಗಳನ್ನು ಎತ್ತಿಕೊಂಡು ನೋಡಲಿ. ಅರಳಿಯದು ಸರಳಪತ್ರ, ಹೃದಯದ ಆಕಾರ, ಬಾಲದಂತೆ ನೀಳವಾದ ತುದಿ, ಉದ್ದವಾದ ತೊಟ್ಟು. ಆ ತೊಟ್ಟಿನ ದೆಸೆಯಿಂದಲೇ ಮಂದವಾದ ಗಾಳಿಗೂ ಎಲೆಗಳೆಲ್ಲ ನಡುಗಿ ಸದ್ದುಮಾಡುವುವು. ಬೇವಿನದು ಸಂಯುಕ್ತಪತ್ರ, ಕಿರುಎಲೆಗಳ ಅಂಚು ಗರಗಸದ ಹಲ್ಲಿನಂತೆ, ನಡುನರದ ಒಂದು ಪಕ್ಕವು ಇನ್ನೊಂದಕ್ಕಿಂತ ಅಗಲ. ಎರಡು ಎಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿದರೆ ಪುಸ್ತಕದ ಹತ್ತು ಪುಟಗಳ ಕೆಲಸವಾಗುವುದು.

ಇನ್ನು ಯಾವ ಮರದ ಮುಂದೆ ನಿಂತರೂ ಕೇಳತಕ್ಕ ಪ್ರಶ್ನೆಗಳು ನಾಲ್ಕು. ಎಲೆಯು ಸರಳವೋ ಸಂಯುಕ್ತವೋ? ರೆಂಬೆಯ ಮೇಲೆ ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಇರುವುವೋ, ಅಥವಾ ಒಂದಾದಮೇಲೊಂದು ಪರ್ಯಾಯವಾಗಿ ಇರುವುವೋ? ಅಂಚು ನುಣುಪೋ, ಹಲ್ಲುಹಲ್ಲಾಗಿದೆಯೋ, ಅಲೆಯಲೆಯಾಗಿದೆಯೋ? ತೊಟ್ಟನ್ನು ಮುರಿದರೆ ಹಾಲು ಬರುವುದೋ, ಎಲೆಯನ್ನು ಉಜ್ಜಿದರೆ ವಾಸನೆಯೇನಾದರೂ ಬರುವುದೋ? ಈ ನಾಲ್ಕಕ್ಕೂ ಉತ್ತರವನ್ನು ಬರೆದುಕೊಂಡವನಿಗೆ ಮರದ ಹೆಸರು ಬಹು ದೂರವಿರುವುದಿಲ್ಲ. ತೊಗಟೆ, ಹೂ, ಕಾಯಿಗಳು ಆಮೇಲೆ ಸಾಕ್ಷಿ ಹೇಳುವುವು.

ಈ ಪ್ರಶ್ನೆಗಳ ಪೈಕಿ ಎರಡನೆಯದು ನಮ್ಮ ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ಬಹು ಉಪಯೋಗಿ. ಇಲ್ಲಿನ ಸಾಲುಮರಗಳಲ್ಲಿ ಬಹುಪಾಲಿನವು ಸಂಯುಕ್ತಪತ್ರದವು. ಅವುಗಳಲ್ಲಿ ಹೊಂಗೆ, ಮಳೆಮರ, ಹುಣಸೆ, ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫೋರಂ, ಇವೆಲ್ಲ ಅವರೆ ತೊಗರಿಗಳ ಕುಲಕ್ಕೆ ಸೇರಿದುವು. ಇವುಗಳ ಎಲೆಗಳು ಪರ್ಯಾಯವಾಗಿರುವುವು, ಕಾಯಿಯು ಅವರೆಯಂತೆ ಸಿಪ್ಪೆಯುಳ್ಳದ್ದು. ಜಕರಾಂಡ, ನೀರುಕಾಯಿ ಮರ, ಆಕಾಶಮಲ್ಲಿಗೆ, ತಬೂಬಿಯ, ಈ ನಾಲ್ಕು ಬೇರೊಂದು ಕುಲದವು. ಇವುಗಳ ಎಲೆಗಳು ಎದುರುಬದುರು. ಆದಕಾರಣ ರೆಂಬೆಯನ್ನು ನೋಡಿದೊಡನೆ ‘ಇದು ಅವರೆಯ ಕುಲವೋ, ಜಕರಾಂಡದ ಕುಲವೋ’ ಎಂದು ತೀರ್ಮಾನಿಸಬಹುದು. ಗುಲ್‌ಮೊಹರ್ ಮತ್ತು ಜಕರಾಂಡಗಳ ಎಲೆಗಳು ಗರಿಯಂತೆ ಒಂದೇ ತೆರನಾಗಿ ಕಂಡು ಹೊಸಬರನ್ನು ಮೋಸಗೊಳಿಸುವುವು. ಹೂವಿಲ್ಲದ ತಿಂಗಳುಗಳಲ್ಲಿ ಈ ಒಂದು ಪರೀಕ್ಷೆಯು ಅವೆರಡನ್ನು ಬೇರ್ಪಡಿಸುವುದು.

ಗುಲ್‌ಮೊಹರಿಗೂ ಪೆಲ್ಟೋಫೋರಮ್ಮಿಗೂ ಈ ಪರೀಕ್ಷೆಯು ಸಾಲದು, ಎರಡೂ ಒಂದೇ ಕುಲದವಾದುದರಿಂದ. ಅಲ್ಲಿ ಚಿಗುರನ್ನು ನೋಡಬೇಕು. ಪೆಲ್ಟೋಫೋರಮ್ಮಿನ ಎಳೆಯ ಚಿಗುರಿನ ಮೇಲೆ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ನವುರಾದ ರೋಮವಿರುವುದು. ಅದರ ಕಾಯಿಗಳು ಬೆರಳುದ್ದ ಮಾತ್ರ, ತಾಮ್ರದ ಬಣ್ಣ. ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರಿನ ಕಾಯಿಗಳಾದರೋ ಮೊಳದುದ್ದದ ಕತ್ತಿಗಳಂತೆ ನೇತಾಡುವುವು. ಅವುಗಳಿಂದ ಯುದ್ಧವಾಡದ ಹುಡುಗರು ಈ ಬೀದಿಗಳಲ್ಲಿ ವಿರಳ. ನೀರುಕಾಯಿ ಮರವು ಆಫ್ರಿಕ ಖಂಡದ್ದು. ನೀರು ತುಂಬಿದ ಅದರ ಮೊಗ್ಗುಗಳನ್ನು ಹಿಸುಕಿ ಒಬ್ಬರ ಮೇಲೊಬ್ಬರು ಚಿಮ್ಮಿಸುವುದು ಮಕ್ಕಳಿಗೆ ಗೊತ್ತಿರುವ ವಿದ್ಯೆಯೇ. ಅದೇ ಮಕ್ಕಳಿಗೆ ಅದರ ಎಲೆಯ ಜೋಡಣೆಯನ್ನೂ ತೋರಿಸಿದರೆ ಆಟವು ಪಾಠವಾಗುವುದು.

ಮಳೆಮರದ ಪರಿಚಯಕ್ಕೆ ಸಂಜೆಯ ಹೊತ್ತು ಪ್ರಶಸ್ತ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಈ ವಿಶಾಲವಾದ ಕೊಡೆಯು ಹಗಲೆಲ್ಲ ಎಲೆ ಹರಡಿಕೊಂಡಿದ್ದು, ಕತ್ತಲಾಗುತ್ತ ಬಂದಂತೆ ಕಿರುಎಲೆಗಳನ್ನು ಮಡಿಸಿಕೊಳ್ಳುವುದು. ಮೋಡ ಕವಿದ ದಿನವೂ ಹಾಗೆಯೇ ಮಾಡುವುದುಂಟು. ಹುಣಸೆಗೂ ಈ ನಿದ್ರೆಯುಂಟು. ಸಾಯಂಕಾಲ ನಾಲ್ಕು ಗಂಟೆಗೊಮ್ಮೆ, ಏಳು ಗಂಟೆಗೊಮ್ಮೆ ಒಂದೇ ರೆಂಬೆಯನ್ನು ನೋಡಿ ಬರೆದಿಟ್ಟರೆ, ಮರವು ಕಂಬದಂತೆ ಜಡವಾದುದಲ್ಲವೆಂಬುದು ಮಕ್ಕಳಿಗೆ ತಾನಾಗಿಯೇ ಮನದಟ್ಟಾಗುವುದು.

ಹಾಲು ಬರುವ ಮರಗಳದು ಇನ್ನೊಂದು ಸ್ವಾರಸ್ಯ. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಇವೆಲ್ಲ ಅಣ್ಣತಮ್ಮಂದಿರು. ಇವುಗಳ ಚಿಗುರನ್ನು ಒಂದು ಕವಚವು ಸುತ್ತಿಕೊಂಡಿರುವುದು. ಎಲೆ ಬಿಚ್ಚಿದಾಗ ಕವಚವು ಉದುರಿ, ರೆಂಬೆಯ ಸುತ್ತ ಉಂಗುರದಂಥ ಗುರುತು ಉಳಿಯುವುದು. ಹಾಲೂ ಉಂಗುರವೂ ಎರಡೂ ಇದ್ದರೆ ಅದು ಆಲದ ಬಳಗವೆಂದು ಊಹಿಸಬಹುದು. ಹಲಸೂ ಆ ಬಳಗದ್ದೇ. ಸಂಪಿಗೆಯ ರೆಂಬೆಯಲ್ಲಿಯೂ ಉಂಗುರವಿರುವುದು, ಆದರೆ ಹಾಲಿಲ್ಲ; ಅದು ಬೇರೆ ಮನೆತನ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಯಾವ ಮರದ ಹಾಲೂ ಕಣ್ಣಿಗೆ ತಾಗಬಾರದು. ಯಾವ ಎಲೆಯನ್ನೂ ಮಕ್ಕಳು ಬಾಯಿಗಿಟ್ಟು ರುಚಿ ನೋಡಬಾರದು. ಅಂಗಳದಲ್ಲಿ ಬೆಳೆಸುವ ಕಣಗಿಲೆಯೇ ವಿಷದ ಗಿಡ. ಎಲೆ ಮುಟ್ಟಿದ ಮೇಲೆ ಕೈ ತೊಳೆಯುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಸತಕ್ಕದ್ದು.

ಹೆಸರಿನ ಗೊಂದಲಕ್ಕೆ ಅಶೋಕವು ಒಳ್ಳೆಯ ನಿದರ್ಶನ. ಕಾಂಪೌಂಡಿನ ಪಕ್ಕದಲ್ಲಿ ಕಂಬದಂತೆ ನೇರವಾಗಿ ಬೆಳೆದು, ನೀಳವಾದ ಎಲೆಗಳನ್ನು ಜೋಲುಬಿಟ್ಟುಕೊಂಡಿರುವ ಮರವನ್ನು ಬಹುಮಂದಿ ಅಶೋಕವೆಂದೇ ಕರೆಯುವರು. ಹಬ್ಬಕ್ಕೆ ಅದರ ಎಲೆಗಳಿಂದ ತೋರಣವನ್ನೂ ಕಟ್ಟುವರು. ಆದರೆ ಸೀತಾದೇವಿಯು ಕುಳಿತಿದ್ದ ವನದ ಹೆಸರಿನ ಅಶೋಕವು ಇದಲ್ಲ. ಇದು ಕಂಬದ ಮರ, ಸೀತಾಫಲದ ಬಂಧು. ಎಲೆಯನ್ನು ಎತ್ತಿ ನೋಡಿದರೆ ವಿವಾದವೇ ಉಳಿಯದು. ಕಂಬದ ಮರದ್ದು ಸರಳಪತ್ರ, ಅಂಚು ಅಲೆಯಲೆ. ನಿಜವಾದ ಅಶೋಕದ್ದು ಸಂಯುಕ್ತಪತ್ರ. ಎಳೆಯ ಚಿಗುರು ತಾಮ್ರವರ್ಣದ ಕುಚ್ಚಿನಂತೆ ಬಾಗಿರುವುದು. ಕಿತ್ತಳೆಯ ಬಣ್ಣದ ಹೂಗೊಂಚಲುಗಳು ರೆಂಬೆಗೆ ಅಂಟಿಕೊಂಡೇ ಅರಳುವುವು. ಹತ್ತು ಮಂದಿ ಹೇಳುವ ಮಾತಿಗಿಂತ ಒಂದು ಎಲೆಯ ಸಾಕ್ಷ್ಯವು ಬಲವಾದುದೆಂಬುದನ್ನು ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಸಂಗವು ದೊರೆಯದು.

ಇನ್ನು ಸಂಗ್ರಹದ ಕ್ರಮ. ಮರದಿಂದ ಕೀಳುವುದಕ್ಕಿಂತ ಆಗತಾನೆ ಉದುರಿದುದನ್ನು ಆರಿಸುವುದು ಮೇಲು. ಎಲೆಯ ಜೋಡಣೆಯನ್ನು ತೋರಿಸಲು ಸಣ್ಣ ರೆಂಬೆಯೇ ಬೇಕಾದರೆ, ಗಾಳಿಮಳೆಯ ಮಾರನೆಯ ಬೆಳಗ್ಗೆ ಬೀದಿಗೆ ಹೋಗಿರಿ, ಬೇಕಾದಷ್ಟು ಬಿದ್ದಿರುವುದು. ಸಂಯುಕ್ತಪತ್ರವಾದರೆ ಪೂರ್ತಿಯಾಗಿ ಬುಡದಿಂದ ತುದಿಯವರೆಗೆ ತರಬೇಕು. ಒಂದೇ ಕಿರುಎಲೆಯನ್ನು ತಂದರೆ ಕೈಬೆರಳನ್ನು ತೋರಿಸಿ ಮನುಷ್ಯನ ಗುರುತು ಹೇಳಿದಂತಾಗುವುದು. ಮನೆಗೆ ಬಂದೊಡನೆ ನೀರಿನ ಪಸೆಯನ್ನು ಒರಸಿ, ವರ್ತಮಾನಪತ್ರಿಕೆಯ ಮಡಿಕೆಯಲ್ಲಿ ಎಲೆಯನ್ನು ಹರಡಿ, ಒಂದೆರಡು ಕಿರುಎಲೆಗಳ ಹಿಂಭಾಗವು ಕಾಣುವಂತೆ ಮಗುಚಿ ಇಡಬೇಕು. ನುಣುಪಾದ ಬಣ್ಣದ ಕಾಗದವು ಪಸೆಯನ್ನು ಹೀರದು. ಸಾಮಾನ್ಯ ಪತ್ರಿಕೆಯೇ ಉತ್ತಮ. ಮೇಲೆ ಮಣೆಯನ್ನಿಟ್ಟು, ಅದರ ಮೇಲೆ ರುಬ್ಬುವ ಗುಂಡನ್ನೋ ದಪ್ಪ ಪುಸ್ತಕಗಳನ್ನೋ ಹೇರಬೇಕು. ಮೊದಲ ನಾಲ್ಕೈದು ದಿನ ಪ್ರತಿದಿನವೂ ಒಣ ಕಾಗದವನ್ನು ಬದಲಾಯಿಸತಕ್ಕದ್ದು. ಮಳೆಗಾಲದಲ್ಲಿ ಇದನ್ನು ಮರೆತರೆ ಬೂಷ್ಟು ಹಿಡಿದು ಶ್ರಮವೆಲ್ಲ ವ್ಯರ್ಥವಾಗುವುದು. ಸುಮಾರು ಹತ್ತು ದಿನಗಳಲ್ಲಿ ಎಲೆಯು ಗರಿಗರಿಯಾಗಿ ಒಣಗುವುದು.

ಆಮೇಲೆ ದಪ್ಪನೆಯ ಬಿಳಿಯ ಕಾಗದದ ಮೇಲೆ ಎಲೆಯನ್ನಿಟ್ಟು, ಹಿಂಭಾಗಕ್ಕೆಲ್ಲ ಗೋಂದು ಬಳಿಯದೆ, ತೆಳುವಾದ ಕಾಗದದ ಪಟ್ಟಿಗಳಿಂದ ಎರಡು ಮೂರು ಕಡೆ ಬಂಧಿಸಬೇಕು. ಕೆಳಗಣ ಮೂಲೆಯಲ್ಲಿ ಬರೆಯತಕ್ಕ ಸಂಗತಿಗಳು: ಮರದ ಕನ್ನಡ ಹೆಸರು, ತಿಳಿದರೆ ಶಾಸ್ತ್ರೀಯ ನಾಮ, ದೊರೆತ ತಾರೀಖು, ಬಡಾವಣೆ, ಅಡ್ಡರಸ್ತೆ, ತೊಗಟೆಯ ಬಣ್ಣ, ಅಂದು ಹೂ ಕಾಯಿಗಳು ಇದ್ದುವೋ ಇಲ್ಲವೋ, ಹೆಸರನ್ನು ತಿಳಿಸಿದವರು ಯಾರು. ತಾರೀಖೂ ಸ್ಥಳವೂ ಇಲ್ಲದ ಎಲೆಯು ಬರಿಯ ಒಣಗಿದ ಎಲೆ. ಇವೆರಡು ಇದ್ದರೆ ಅದೇ ದಾಖಲೆ. ಹದಿನಾರನೆಯ ಶತಮಾನದಲ್ಲಿ ಇಟಲಿ ದೇಶದ ಲೂಕಾ ಗೀನಿ ಎಂಬ ಅಧ್ಯಾಪಕನು ಹೀಗೆ ಒಣಗಿಸಿದ ಸಸ್ಯಗಳಿಂದ ಪಾಠ ಹೇಳುವ ಪದ್ಧತಿಗೆ ಮೊದಲಿಗನೆಂದು ಹೇಳುವರು. ಆ ಶತಮಾನದ ಹಾಳೆಗಳು ಯೂರೋಪಿನಲ್ಲಿ ಈಗಲೂ ಉಳಿದಿವೆ. ನಮ್ಮ ಹಾಳೆಗಳನ್ನು ಹುಳುವಿನಿಂದ ಕಾಪಾಡಲು ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಸೊಪ್ಪನ್ನು ಇಡುವುದು ನಮ್ಮ ಅಜ್ಜಿಯರ ಕಾಲದ ಕ್ರಮವೇ.

ಊಹೆಯು ಸರಿಯೋ ತಪ್ಪೋ ಎಂದು ಪರೀಕ್ಷಿಸಿಕೊಳ್ಳುವ ಭಾಗ್ಯವು ಈ ಭಾಗದವರಿಗೆ ಹತ್ತಿರದಲ್ಲಿಯೇ ಇದೆ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಈಗ ಸುಮಾರು 240 ಎಕರೆಗಳ ವಿಸ್ತಾರದಲ್ಲಿದೆ. ಅಲ್ಲಿ ಬಹಳಷ್ಟು ಮರಗಳಿಗೆ ಹೆಸರಿನ ಫಲಕಗಳುಂಟು. ಅಲ್ಲಿ ಎಲೆ ಕೀಳಬಾರದು, ನೋಡಿ ಬರೆದುಕೊಳ್ಳಬೇಕು. ಮೊದಲು ಫಲಕವನ್ನು ನೋಡದೆ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಂಡು ಮರದ ಕುಲವನ್ನು ಊಹಿಸಿ, ಆಮೇಲೆ ಫಲಕವನ್ನು ಓದುವುದು ಒಳ್ಳೆಯ ಅಭ್ಯಾಸ. ಅಲ್ಲಿನ ಹೆಸರಾಂತ ಬಿಳಿ ಬೂರುಗದ ಮಹಾವೃಕ್ಷದ ಬಳಿ ಅಂಗೈಯಾಕಾರದ ಎಲೆಯನ್ನು ಕಂಡು, ‘ತಬೂಬಿಯಕ್ಕೂ ಐದು ಬೆರಳಿನ ಎಲೆ, ಇದಕ್ಕೂ ಹಾಗೆಯೇ, ಭೇದವೇನು?’ ಎಂದು ಮಗುವನ್ನು ಕೇಳಿ. ಬೂರುಗದ ಎಲೆಗಳು ಪರ್ಯಾಯ, ತಬೂಬಿಯದವು ಎದುರುಬದುರು ಎಂಬ ಉತ್ತರವು ಬಂದರೆ ಆ ಮಗುವಿಗೆ ವಿದ್ಯೆಯು ದಕ್ಕಿತೆಂದು ತಿಳಿಯಬಹುದು.

ಈ ಬೀದಿಗಳಲ್ಲಿ ಇಷ್ಟು ಬಗೆಯ ಮರಗಳು ತಾವಾಗಿ ಬಂದು ನಿಂತುವಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕ್ರುಂಬಿಗಲ್ಲರು, ಒಂದು ಬೀದಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಬೀದಿಯು ಅರಳುವಂತೆ ಮರಗಳನ್ನು ಆರಿಸಿ ನೆಡಿಸುವ ಪದ್ಧತಿಯನ್ನು ತಂದರು. ಜಯನಗರಕ್ಕೆ ಅಸ್ತಿಭಾರ ಬಿದ್ದುದು 1948ರಲ್ಲಿ. 1980ರ ದಶಕದ ಆರಂಭದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಾದ್ಯಂತ ಸುಮಾರು 15 ಲಕ್ಷ ಸಸಿಗಳು ನೆಡಲ್ಪಟ್ಟುವು. ನಾವು ಇಂದು ಅನುಭವಿಸುವ ನೆರಳು ಹೆಸರು ಬಲ್ಲವರು ಆರಿಸಿ ಕೊಟ್ಟ ನೆರಳು.

ಹಾಗಾದರೆ ನಾವೂ ಹೆಸರು ಬಲ್ಲವರಾಗಬೇಕಾದ ಅವಶ್ಯಕತೆಯೇನು, ನೆರಳು ದೊರೆತರೆ ಸಾಲದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ನಮ್ಮ ಬೀದಿಗಳಲ್ಲಿಯೇ ಬರೆದಿದೆ. 2009ರಲ್ಲಿ ಮೆಟ್ರೋ ರೈಲಿನ ಮಾರ್ಗಕ್ಕಾಗಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಸಾಲಿನಲ್ಲಿಯೂ ನಂದಾ ರಸ್ತೆಯಲ್ಲಿಯೂ ಮರಗಳು ಉರುಳಿದುವು. ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. 2017ರ ಜೂನ್ ತಿಂಗಳಲ್ಲಿ ಆ ಮಾರ್ಗದ ಈ ಭಾಗವು ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗೆ ತೆರೆಯಲ್ಪಟ್ಟಿತು. ಒಂದು ತುದಿಯಲ್ಲಿ ಸಂಪಿಗೆಯ ಹೆಸರು. ಇನ್ನೊಂದು ತುದಿಯ ಹೆಸರಿನಲ್ಲಿ ಎಲಚಿಯ ಧ್ವನಿ ಕೇಳುವುದು. ಸಮೀಪದ ಹೊಂಗಸಂದ್ರದಲ್ಲಿ ಹೊಂಗೆಯ ಧ್ವನಿ. ಊರಿನ ಹೆಸರುಗಳಲ್ಲಿ ಮರಗಳು ಉಳಿದು, ಮರಗಳ ಹೆಸರುಗಳು ಊರಿನವರ ಬಾಯಿಂದ ಮಾಯವಾಗುವುದು ವಿಷಾದದ ಸಂಗತಿಯಲ್ಲವೇ? ಮೆಟ್ರೋ ಬೇಡವೆಂಬುದು ನಮ್ಮ ವಾದವಲ್ಲ. ಅದರಲ್ಲಿ ಪ್ರಯಾಣಿಸುವವರು ನಾವೇ. ಕಳೆದುದು ಏನೆಂದು ಹೇಳಲು ನಮಗೆ ಮಾತು ಇರಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಈ ಮಾತು ಭಾವನೆಗೆ ಮಾತ್ರ ಸಂಬಂಧಿಸಿದುದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿಯು ಅವಶ್ಯಕ. ಆದರೆ ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಎಂದಮೇಲೆ ಕಾನೂನು ಕೇಳುವ ಪ್ರಶ್ನೆಗಳಲ್ಲಿಯೂ ಇದೇ ಒಂದು: ‘ಈ ಮರ ಯಾವುದು?’ ಉತ್ತರ ಗೊತ್ತಿಲ್ಲದ ಗೃಹಸ್ಥನು ಅರ್ಜಿಯನ್ನು ಹೇಗೆ ಬರೆದಾನು, ಆಕ್ಷೇಪವನ್ನು ಹೇಗೆ ಹೇಳಿಯಾನು? ಬೆಂಗಳೂರಿನ ಬೀದಿಮರಗಳ ಬಗ್ಗೆ 2010ರಲ್ಲಿ ಪ್ರಕಟವಾದ ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲರ ಅಧ್ಯಯನವು, ಅಗಲವಾದ ರಸ್ತೆಗಳಲ್ಲಿಯೇ ಅತಿ ದೊಡ್ಡ ಮರಗಳೂ ಹೆಚ್ಚಿನ ಜಾತಿವೈವಿಧ್ಯವೂ ಇರುವುದನ್ನು ತೋರಿಸಿತು. ರಸ್ತೆಯನ್ನು ಮತ್ತಷ್ಟು ಅಗಲಿಸುವಾಗ ಮೊದಲು ಕೊಡಲಿ ಬೀಳುವುದೂ ಅಲ್ಲಿಯೇ. ಒಂದು ಮಳೆಮರ ಹೋಗಿ ಅದರ ಬದಲು ಕುಬ್ಜವಾದ ಅಲಂಕಾರದ ಗಿಡವೊಂದು ಬಂದರೆ, ‘ಒಂದಕ್ಕೆ ಒಂದು’ ಎಂದು ಲೆಕ್ಕ ಸರಿಹೋಗುವುದು. ನೆರಳಿನ ಲೆಕ್ಕ ಸರಿಹೋಗುವುದಿಲ್ಲ. ಹೆಸರು ತಿಳಿಯದ ಮರವು ಕೇವಲ ಒಂದು ಸಂಖ್ಯೆ. ಹೆಸರು ತಿಳಿದವನಿಗೆ ಮಾತ್ರ ಈ ವಂಚನೆಯು ಕಣ್ಣಿಗೆ ಬೀಳುವುದು.

ಇನ್ನೊಂದು ನಷ್ಟವು ಮನೆಯೊಳಗೇ ನಡೆಯುತ್ತಿದೆ. ಮುತ್ತುಗದ ಎಲೆಗಳನ್ನು ಒಣಗಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿದ ಅಜ್ಜಿಯು, ಹೊಂಗೆ ಎಣ್ಣೆಯ ದೀಪದಲ್ಲಿ ಓದಿದವರ ಕಥೆ ಕೇಳಿದ ತಾತನು, ಇನ್ನೂ ಕೆಲವು ಮನೆಗಳಲ್ಲಿ ಇದ್ದಾರೆ. ಅವರಿಗೆ ಮರದ ಹೆಸರೂ ಉಪಯೋಗವೂ ಗೊತ್ತು. ಮೊಮ್ಮಕ್ಕಳಿಗೆ ಪರೀಕ್ಷೆಯ ಪುಸ್ತಕದ ಶಾಸ್ತ್ರೀಯ ನಾಮಗಳು ಗೊತ್ತು. ಇಬ್ಬರ ವಿದ್ಯೆಯೂ ಒಂದೆಡೆ ಕೂಡುವುದಿಲ್ಲ. ಎಲೆಯ ಪುಸ್ತಕದಲ್ಲಿ ಅವೆರಡು ಕೂಡುವುವು. ಮಗುವು ಎಲೆಯನ್ನು ತಂದು ಅಂಟಿಸಲಿ. ಅಜ್ಜಿಯು ಹೆಸರನ್ನು ಹೇಳಲಿ. ಹಾಳೆಯಲ್ಲಿ ‘ಹೆಸರು ತಿಳಿಸಿದವರು’ ಎಂಬ ಸಾಲಿನಲ್ಲಿ ಅಜ್ಜಿಯ ಹೆಸರೇ ಬರೆಯಲ್ಪಡಲಿ. ಡಿ.ವಿ. ಗುಂಡಪ್ಪನವರ ಪುತ್ರರೂ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ಡಾ. ಬಿ.ಜಿ.ಎಲ್. ಸ್ವಾಮಿಯವರು, ವಿದ್ಯಾರ್ಥಿಗಳೊಡನೆ ಬೆಟ್ಟಕಾಡುಗಳಲ್ಲಿ ತಿರುಗಿ ಗಿಡಮರಗಳನ್ನು ಗುರುತಿಸಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಗ್ರಂಥವನ್ನಾಗಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಶಾಸ್ತ್ರವೂ ನಗೆಯೂ ಜನರ ಬಾಯಿಯ ಹೆಸರುಗಳೂ ಕನ್ನಡದಲ್ಲಿ ಒಟ್ಟಿಗೆ ಬಾಳಬಲ್ಲುವೆಂಬುದಕ್ಕೆ ಆ ಪುಸ್ತಕವೇ ಪ್ರಮಾಣ. ಎಲೆ ಆರಿಸುವ ಮನೆಯಲ್ಲಿ ಅದರ ಒಂದು ಪ್ರತಿಯಿರುವುದು ಯೋಗ್ಯ.

ಒಂದೇ ಸಲಕ್ಕೆ ನೂರು ಮರಗಳಿಗೆ ಕೈಹಾಕಬಾರದು. ಮೊದಲ ತಿಂಗಳು ಹತ್ತೇ ಸಾಕು: ಹೊಂಗೆ, ಬೇವು, ಅರಳಿ, ಮಳೆಮರ, ಗುಲ್‌ಮೊಹರ್, ಪೆಲ್ಟೋಫೋರಂ, ಜಕರಾಂಡ, ನೀರುಕಾಯಿ, ತಬೂಬಿಯ, ಕಂಬದ ಮರ. ಇವುಗಳಲ್ಲಿ ಎಂಟನ್ನಾದರೂ ನಮ್ಮ ಬಡಾವಣೆಗಳ ನಾಲ್ಕು ಅಡ್ಡರಸ್ತೆಗಳೊಳಗೆ ಕಾಣುವುದು ಕಷ್ಟವಲ್ಲ. ಭಾನುವಾರದ ಬೆಳಗ್ಗೆ ಒಂದು ಗಂಟೆಯ ಕಾಲ, ಒಂದೇ ಬೀದಿಯ ಒಂದು ಪಕ್ಕವನ್ನು ಮಾತ್ರ ನೋಡುವುದು. ಮರಕ್ಕೊಂದು ಅಂಕಿ ಹಾಕಿ ಬೀದಿಯ ನಕ್ಷೆಯನ್ನು ನೋಟುಪುಸ್ತಕದಲ್ಲಿ ಬರೆಯುವುದು. ಹೆಸರು ತಿಳಿಯದ ಕಡೆ ಜಾಗವನ್ನು ಖಾಲಿ ಬಿಡುವುದು. ಖಾಲಿ ಬಿಟ್ಟ ಜಾಗವು ಅವಮಾನವಲ್ಲ. ಹೂ ಬಿಡುವ ಕಾಲಕ್ಕೆ ಅದು ತಾನಾಗಿ ತುಂಬುವುದು. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ನಕ್ಷೆಯನ್ನು ಹಿಡಿದು ಮತ್ತೊಮ್ಮೆ ನಡೆದರೆ ಯಾವುದು ಬೆಳೆಯಿತು, ಯಾವುದು ಹೋಯಿತು, ಎಲ್ಲಿ ಹೊಸ ಸಸಿಯು ಬಂದಿತು ಎಂಬ ಲೆಕ್ಕವು ಮನೆಯಲ್ಲಿಯೇ ಸಿದ್ಧವಾಗಿರುವುದು.

ಹತ್ತು ಮನೆಗಳ ಬೀದಿಯಲ್ಲಿ ಇಂಥ ಪುಸ್ತಕವು ಒಂದು ಮನೆಯಲ್ಲಿದ್ದರೂ ಆ ಬೀದಿಯ ಮರಗಳು ಅನಾಥವಲ್ಲ. ವಾಚಕರು ಈ ತಿಂಗಳೇ ಬಾಗಿಲ ಮುಂದಣ ಮರದಿಂದ ಆರಂಭಿಸಬೇಕೆಂದು ನಮ್ಮ ಪ್ರಾರ್ಥನೆ.